ಟ್ರಾಕ್ಟರಿನ ಮೇಲೆ ಹೊಳೆ ದಾಟಿದ್ದು

ರಸ್ತೆಗೆ ಡಾಂಬರು ಕಾಯಿಸುವ ವಾಸನೆ ಬಂದರೆ ಸಭ್ಯರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ನನ್ನ ಮದುವೆ ನೆನಪಾಗುತ್ತದೆ. ತಪ್ಪು ತಿಳಿಯಬೇಡಿ. ನಮ್ಮ ಕಡೆ ಹರಿಗೋಲಿನ ತಳಕ್ಕೂ ಡಾಂಬರನ್ನೇ ಬಳಿಯುತ್ತಿದ್ದರು, ಮತ್ತು ನಾನು ಹೊಸ ಧೋತರ ಉಟ್ಟು ಕೂತದ್ದು ಆ ಬುಟ್ಟಿಯೊಳಗೇ.

ನಮ್ಮೂರು ಘಟಪ್ರಭೆಯ ಮೂಡಲಗಿ ದಂಡೆಗೆ; ಹೆಂಡತಿಯ ತವರು ಎದುರಿಗೆ, ಗೋಕಾಕ ದಂಡೆಗೆ. ಆಚೆಯಿಂದ ಬರುವ ಮದುಮಗಳನ್ನು ಅಂಬಿಗ ಲಗಮಣ್ಣಕಾಕಾನೇ ದಾಟಿಸಬೇಕು. ಅವನು ‘ದಾಟಿದ್ರಿ’ ಅಂದಮೇಲೆಯೇ ಅವಳು ನೆಲಕ್ಕೆ ಕಾಲಿಡಬೇಕು. ಹರಿಗೋಲಿನಲ್ಲಿ ಗೌಡರಿಗೂ ಬಾಯಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಕುಕ್ಕರುಗಾಲಿನಲ್ಲಿ ಕೂಡಬೇಕು. ನಮ್ಮ ಹೊಳೆಯ ಸಂವಿಧಾನ ಇಷ್ಟೇ ಇತ್ತು.

ತೊಂಬತ್ತರ ದಶಕದ ಕೊನೆಗೆ ಸೇತುವೆ ಬಂತು. ಅದರ ಮೊದಲ ಬೇಸಿಗೆಯಲ್ಲೇ ನನ್ನ ಮದುವೆ. ಹೊಳೆಯಲ್ಲಿ ಎಮ್ಮೆಯ ಮೊಣಕಾಲು ನೆನೆಯುವಷ್ಟೂ ನೀರಿಲ್ಲ. ಅಪ್ಪ ಕಾರು ಗೊತ್ತು ಮಾಡಿದ್ದೇ ತಡ, ಲಗಮಣ್ಣಕಾಕಾ ಬಂದು ನಮ್ಮ ಕಟ್ಟೆಯ ಮೇಲೆ ಕೂತ.

“ಕಾರಿನ್ಯಾಗ ತರ್ರಿ, ಬ್ಯಾಡನ್ನಂಗಿಲ್ಲ. ಆದ್ರ ಆಕಿ ಹೊಳಿ ದಾಟಿದ್ಲಂತ ನಾ ಅನ್ನಂಗಿಲ್ಲ.”

“ಅವ ‘ದಾಟಿದ್ರಿ’ ಅನ್ನದ ಸೊಸಿ ನನ್ನ ಹೊಸ್ತಿಲಾ ತುಳಿಯಂಗಿಲ್ಲ!” ಒಳಗಿನಿಂದ ಅಜ್ಜಿಯ ತೀರ್ಪು.

ಹಿರಿಯರು ಎಲೆ ಅಡಿಕೆ ಮೆದ್ದು, ಎರಡು ದೇಶಗಳು ಗಡಿ ಬಗೆಹರಿಸುವ ಗಾಂಭೀರ್ಯದಿಂದ ಒಪ್ಪಂದಕ್ಕೆ ಬಂದರು: ಟ್ರಾಕ್ಟರಿನ ಟ್ರೇಲರಿನಲ್ಲಿ ಹರಿಗೋಲು, ಹರಿಗೋಲಿನಲ್ಲಿ ಮದುಮಗಳು, ಅವಳ ಅಪ್ಪ ಮತ್ತು ಕರೆತರಲು ಹೋದ ನಾನು. ನಡುವೆ ಲಗಮಣ್ಣಕಾಕಾ ನಿಂತು ಗಾಳಿಯಲ್ಲಿ ಹುಟ್ಟು ಹಾಕತೊಡಗಿದ. ಟ್ರಾಕ್ಟರು ಒಮ್ಮೆ ಕುಲುಕಿತು.

“ಅಳ್ಳಾಡಬ್ಯಾಡ್ರಿ! ಇಲ್ಲಿ ಸೆಳವು ಭಾಳ ಐತಿ.”

“ಕಾಕಾ, ಅದು ಬ್ರಿಜ್ಜಿನ ಜೋಡ್ನಿ,” ಎಂದ ಡ್ರೈವರ್.

“ನೀ ಮುಂದ ನೋಡಿ ಹೊಡಿಯೋ. ನೀರಿನ ವಿಚಾರ ನಂದು.”

ಮಾವನವರಿಗೆ ಹೊಟ್ಟೆ ತೊಳಸಿತು. ಸಮುದ್ರಯಾನದಲ್ಲಿ ಹಾಗಾಗುತ್ತದಂತೆ, ಡಾಂಬರು ರಸ್ತೆಯ ಮೇಲೆ ಆದದ್ದು ಅವರೊಬ್ಬರಿಗೇ ಇರಬೇಕು.

ಸೇತುವೆ ಮುಗಿಯಿತು, ಟ್ರಾಕ್ಟರು ನಿಂತಿತು. ಅಕ್ಷತೆಗೆ ಕಾಲು ತಾಸು ಉಳಿದಿತ್ತು. ಲಗಮಣ್ಣಕಾಕಾನ ಬಾಯಿಂದ ಆ ಮಾತು ಮಾತ್ರ ಹೊರಡಲೊಲ್ಲದು.

“ದಂಡಿ ಬಂದಿಲ್ರಿ ಇನ್ನಾ,” ಎಂದ.

ಕಣ್ಣೆದುರಿಗೇ ದಂಡೆ, ಅದರ ಮೇಲೆ ವಾಲಗದವರು. ಹಿರಿಯರು ಗದರಿಸಿದರು, ಅಪ್ಪ ಕೈ ಮುಗಿದ. ಟ್ರಾಕ್ಟರು ನಿಂತರೂ ಲಗಮಣ್ಣಕಾಕಾ ಹುಟ್ಟು ಹಾಕುತ್ತಲೇ ಇದ್ದುದನ್ನು ಕಂಡಾಗಲೇ ನನಗೆ ತಿಳಿದದ್ದು: ನಮ್ಮನ್ನು ಇಳಿಸಿಬಿಟ್ಟರೆ, ನಾಳೆಯಿಂದ ಹರಿಗೋಲು ಹತ್ತುವವರೇ ಇಲ್ಲ.

ಬಾಸಿಂಗದೊಳಗಿಂದ ಮದುಮಗಳು ಬಾಯಿ ಬಿಟ್ಟಳು. “ಕಾಕಾ, ಪಂಚಮಿಗಿ ತವರಮನಿಗಿ ನನ್ನ ಯಾರು ದಾಟಸ್ತಾರ? ನೀನ ಅಲ್ಲೇನು? ಈ ದಂಡಿಗಿ ಇಳಿಸಿದ್ರ ತಾನ ಆ ದಂಡಿಗಿ ಒಯ್ಯೂದು?”

ಅವನು ಹುಟ್ಟನ್ನು ಕೆಳಗಿಟ್ಟ. ಆಮೇಲೆ ಸಣ್ಣ ದನಿಯಲ್ಲಿ, “ದಾಟಿದ್ರಿ.”

ಅವಳು ಮಾತು ಉಳಿಸಿಕೊಂಡಳು. ಪ್ರತಿ ಪಂಚಮಿಗೆ ಲಗಮಣ್ಣಕಾಕಾ ಅವಳ ಜೊತೆ ಬಸ್ಸು ಹತ್ತುತ್ತಿದ್ದ. ಸೀಟು ಖಾಲಿಯಿದ್ದರೂ ಸೇತುವೆ ಬಂದೊಡನೆ ಎದ್ದು ನಿಲ್ಲುತ್ತಿದ್ದ. ಅಂಬಿಗ ಕೂತು ದಾಟಿಸುವುದುಂಟೆ? ಅಷ್ಟೂ ವರ್ಷ ನಾನು ನಕ್ಕಿದ್ದೇ ನಕ್ಕಿದ್ದು.

ಈಗ ಅವನಿಲ್ಲ. ಮೊನ್ನೆ ಪಂಚಮಿಗೆ ನಾನೇ ಅವಳ ಜೊತೆ ಹೊರಟೆ. ಬಸ್ಸು ಸೇತುವೆ ಏರಿತು. ಅವಳು ಕಿಟಕಿಯಿಂದ ನೀರು ನೋಡುತ್ತಿದ್ದಳು. ನಾನು ಯಾವಾಗ ಎದ್ದು ನಿಂತೆನೋ ನನಗೇ ಗೊತ್ತಿಲ್ಲ.

“ಇಲ್ಲಿ ಸ್ಟಾಪ್ ಇಲ್ರಿ ಯಜಮಾನ್ರ,” ಎಂದ ಕಂಡಕ್ಟರ್. “ಎಲ್ಲಿ ಇಳಿಯೋರು?”

“ಇಳಿಯಾಕಲ್ಲಪಾ,” ಎಂದೆ. “ದಾಟಸಾಕತ್ತೇನಿ.”