ಪ್ಲಾಸ್ಟಿಕ್ ಹೊದ್ದ ಇಪ್ಪತ್ತು ಚಿತ್ರಗಳು

ನನ್ನ ಚಿತ್ರಗಳನ್ನು ನೋಡಿದ ಮೇಷ್ಟ್ರು ಮೊದಲು ಕೇಳಿದ್ದು ಕತ್ತರಿಯನ್ನು. ಚಾಮರಾಜಪೇಟೆಯ ಆ ಚಿತ್ರಕಲಾ ಕಾಲೇಜಿನ ಸಂದರ್ಶನದಲ್ಲಿ, ನನ್ನ ಮತ್ತು ಅಪ್ಪನ ಕಣ್ಣೆದುರಿಗೇ, ಒಂದು ಚಿತ್ರದ ಅಂಚನ್ನು ಕರಕರನೆ ಕತ್ತರಿಸಿದರು.

ನಮ್ಮ ಸಿಂಧನೂರಿನಲ್ಲಿ ಬೆಲೆಯುಳ್ಳ ಕಾಗದಕ್ಕೆಲ್ಲ ಲ್ಯಾಮಿನೇಷನ್ ಆಗಲೇಬೇಕು: ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಅಜ್ಜನ ಫೋಟೊ. ಬಸ್ ಕಂಡಕ್ಟರಾದ ಅಪ್ಪ, ನಾವು ಬೆಂಗಳೂರಿಗೆ ಹೊರಡುವ ಹಿಂದಿನ ದಿನ, ನನಗೆ ಹೇಳದೆ ಇಪ್ಪತ್ತೂ ಚಿತ್ರಗಳನ್ನು ಝೆರಾಕ್ಸ್ ಅಂಗಡಿಗೆ ಒಯ್ದು ಪ್ಲಾಸ್ಟಿಕ್ ಹೊದಿಸಿ ತಂದಿದ್ದ. ಅವನ ಷರತ್ತು ಒಂದೇ: ಬೆಂಗಳೂರಿನಲ್ಲಿ ಮೂರು ಕಾಲೇಜು ನೋಡುವುದು, ಎಲ್ಲಿಯೂ ಸೀಟು ಸಿಗದಿದ್ದರೆ ಊರಿಗೆ ಮರಳಿ ಬಿ.ಕಾಂ. ಸೇರುವುದು.

ಮಲ್ಲೇಶ್ವರದ ಕಾಲೇಜಿನ ಗುಮಾಸ್ತರು ಚಿತ್ರಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ. "ಡ್ರಾಯಿಂಗ್ ಎಲ್ಲ ಹಾಬಿಗೆ ಇಟ್ಕೊಳಮ್ಮ. ಕಾಮರ್ಸಲ್ಲಿ ಸೀಟ್ ಖಾಲಿ ಇದೆ, ತಗೊಂಡ್ಬಿಡು." ಶೇಷಾದ್ರಿಪುರದ ಮೇಡಂ ನನ್ನ ಗಿಡ್ಡ ಕೂದಲನ್ನೇ ದಿಟ್ಟಿಸಿ, ಇಲ್ಲಿ ಶಿಸ್ತು ಜಾಸ್ತಿ ಎಂದರು. ಉಳಿದದ್ದು ಚಾಮರಾಜಪೇಟೆ.

"ಯಾರಮ್ಮ ಇದನ್ನ ಲ್ಯಾಮಿನೇಷನ್ ಮಾಡ್ಸಿದ್ದು? ಪೆನ್ಸಿಲ್ ಎಷ್ಟು ಒತ್ತಿದೀಯ ಅಂತ ಮುಟ್ಟಿ ನೋಡ್ಬೇಕು ನಾನು," ಎಂದರು ಮೇಷ್ಟ್ರು.

ಅಪ್ಪ ಎದ್ದು ನಿಂತ. "ನಾನ್ರೀ ಸರ್. ಹಾಳಾಗಬಾರ್ದಂತ ಮಾಡ್ಸೀನ್ರಿ. ಆಕಿದೇನೂ ತಪ್ಪಿಲ್ರಿ."

ಪ್ಲಾಸ್ಟಿಕ್ ಎಳೆದರೆ ಕಾಗದವೂ ಸಿಪ್ಪೆಯಂತೆ ಕಿತ್ತು ಬಂತು. ಅಪ್ಪನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೇಷ್ಟ್ರು ಕತ್ತರಿ ಕೆಳಗಿಟ್ಟು ಒಂದು ಖಾಲಿ ಹಾಳೆಯನ್ನು ನನ್ನತ್ತ ತಳ್ಳಿದರು. "ಹೋಗ್ಲಿ ಬಿಡು. ನಿಮ್ಮಪ್ಪನ್ನೇ ಬರಿ, ನೋಡೋಣ."

ವರ್ಷಗಟ್ಟಲೆ ಚರ್ಮದ ಚೀಲ ಹೊತ್ತು ವಾಲಿದ ಅಪ್ಪನ ಎಡ ಭುಜವನ್ನು ಬರೆಯುತ್ತ ಬರೆಯುತ್ತ ಸಿಟ್ಟು ಇಳಿಯಿತು. ಸೀಟು ಸಿಕ್ಕಿತು.

ಈಗ ಮತ್ತಿಕೆರೆಯ ಪಿ.ಜಿ.ಯಲ್ಲಿದ್ದೇನೆ. ಇಲ್ಲಿನ ಸಿಹಿ ಸಾಂಬಾರು ಹೇಗೋ ಒಗ್ಗಿದೆ. ಆದರೂ ಅವ್ವ ಊರ ಬಸ್ಸಿನಲ್ಲಿ ಕಡಕ್ ರೊಟ್ಟಿ ಕಳಿಸಿದ ದಿನ ಮೆಸ್ಸಿನ ಕಡೆ ಸುಳಿಯುವುದಿಲ್ಲ. ಕೋಣೆಯ ಗೆಳತಿ ನನ್ನನ್ನು "ಮಗಾ" ಎನ್ನುತ್ತಾಳೆ. ಇಲ್ಲಿ ಸಲಿಗೆ ಬೆಳೆದರೆ ಹುಡುಗಿಯರನ್ನೂ ಹಾಗೇ ಕರೆಯುತ್ತಾರೆ. ಊರಿನಲ್ಲಿ ಮಾತಾಗಿದ್ದ ನನ್ನ ಕೂದಲನ್ನು ತರಗತಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅದೊಂದು ದೊಡ್ಡ ಸುಖ.

ಸಂದರ್ಶನದ ದಿನದ ಆ ಚಿತ್ರವನ್ನು ಮೇಷ್ಟ್ರಿಂದ ಕೇಳಿ ಪಡೆದು, ದಸರೆಗೆ ಅಪ್ಪನಿಗೆ ಕೊಟ್ಟು ಬಂದೆ. ಯುಗಾದಿಗೆ ಹೋದಾಗ ಅದು ಗೋಡೆಯ ಮೇಲೆ ಹಾಗೇ ಇತ್ತು, ಅಂಚಿಗೆ ಗೆದ್ದಲು ಹತ್ತಿತ್ತು.

"ಪ್ಲಾಸ್ಟಿಕ್ ಹಾಕ್ಸಿದ್ರ ನಿಮ್ಮ ಮಾಸ್ತರು ಬೈತಾರಂತ ಬಿಟ್ಟಿದ್ದೆ," ಎಂದ ಅಪ್ಪ.

ಗೆದ್ದಲು ಕೊಡವಿ, ಚಿತ್ರವನ್ನು ಎತ್ತಿಕೊಂಡು ನಾನೇ ಝೆರಾಕ್ಸ್ ಅಂಗಡಿಗೆ ನಡೆದೆ. ಮೇಷ್ಟ್ರಿಗೆ ಇನ್ನೂ ಹೇಳಿಲ್ಲ.