ಎದುರು ಮನೆ ಕಾಕುವಿನ ಆರಾಮ

ನಿನ್ನೆ ಕೋಠಿ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಅಜ್ಜಿಯೊಬ್ಬಳು ತಲೆನೋವಿನ ಮುಲಾಮಿನ ಡಬ್ಬಿ ತೆರೆದಳು. ಆ ಘಾಟಿಗೆ ಡ್ರೈವರ್ ಸಮೇತ ಅರ್ಧ ಬಸ್ಸು ಸೀನಿತು, ರಸ್ತೆಯಲ್ಲಿದ್ದ ಎಮ್ಮೆಯೊಂದು ಹೆದರಿ ಫುಟ್‌ಪಾತ್ ಹತ್ತಿತು. ಸರಿ, ಎಮ್ಮೆ ನನ್ನ ಸೇರ್ಪಡೆ. ಆದರೆ ನಾನು ಮಾತ್ರ ಸೀನಲಿಲ್ಲ. ನಾವಿರುವ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಎದುರು ಮನೆಯ ಕಾಕುವಿನ ಕೋಣೆ ಒಂದು ಕಾಲಕ್ಕೆ ಹೀಗೇ ನಾರುತ್ತಿತ್ತು...

ಕಾಕು ಬಾಗಲಕೋಟೆ ಕಡೆಯವಳು. ಆಕೆಯ ಗಂಡ ಕಾಕಾ ಇಲ್ಲಿನ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಆಕೆ ರೊಟ್ಟಿ ಬಡಿದರೆ ಕೆಳಗಿನ ಮನೆಯವರ ಗೋಡೆ ಗಡಿಯಾರ ಮುಂದಕ್ಕೆ ಓಡುತ್ತಿತ್ತು. ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಆ ಸದ್ದು ನಿಂತಿತು. ಜ್ವರವಿಲ್ಲ, ಕೆಮ್ಮಿಲ್ಲ. ಕಾಕು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಯಾರು ಏನು ಕೇಳಿದರೂ ಹಣೆಗೆ ಮುಲಾಮು ಹಚ್ಚಿಕೊಂಡು, "ಯಾಕೋ ಆರಾಮಿಲ್ಲ" ಅನ್ನುವಳು.

ಕೊನೆಗೆ ಕಾಕಾ ಡಾಕ್ಟರ ಬಳಿ ಕರೆದೊಯ್ದರು. ಆ ಡಾಕ್ಟರಿಗೆ ಕನ್ನಡ ಬಾರದು. ಹಿಂದಿ ಪಂಡಿತನೆಂದು ನಾನೇ ಸಾರಿಕೊಂಡಿದ್ದರಿಂದ ನನ್ನನ್ನೂ ಜೊತೆಗೆ ಎಳೆದುಕೊಂಡರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕಾಕು ಹೇಳಿಯೇಬಿಟ್ಟಳು: "ಮೇರೆಕು ಆರಾಮ್ ನೈ ಹೈ."

"ಆರಾಮ್ ನೈ? ತೋ ಆರಾಮ್ ಕರೋ ಅಮ್ಮಾ! ಪೂರಾ ಆರಾಮ್!" ಅಂದರು ಡಾಕ್ಟರು.

ಅಷ್ಟೇ. ಕಾಕಾ ಅದನ್ನು ವೇದವಾಕ್ಯ ಮಾಡಿಕೊಂಡರು. ರೊಟ್ಟಿ ಹಲಗೆ ಅಟ್ಟ ಸೇರಿತು. ಕಾಕು ನೀರು ಕುಡಿಯಲು ಎದ್ದರೂ, "ಏಳಬ್ಯಾಡ, ಡಾಕ್ಟರ್ ಬೈತಾನ" ಎಂದು ಮತ್ತೆ ಮಲಗಿಸುತ್ತಿದ್ದರು. ಮಲಗಿದಷ್ಟೂ ಆಕೆ ಇಳಿದುಹೋದಳು. ಒಂದು ಸಂಜೆ ಗೋಡೆಗೆ ಹೇಳಿದಂತೆ ಹೇಳಿದಳು, "ಮುಂಜಾನೆ ಯಾಕರ ಆಕ್ಕೈತೋ ಏನೋ..." ನನಗೆ ಹೆದರಿಕೆಯಾಯಿತು. ಅವತ್ತಿನಿಂದ ಶಾಲೆ ಬಿಟ್ಟೊಡನೆ ಅಲ್ಲಿಗೇ ಓಡುತ್ತಿದ್ದೆ. ಹೆಡ್‌ಮಾಸ್ತರರ ಟೋಪನ್ ಕಾಗೆ ಹೊತ್ತೊಯ್ದದ್ದು, ಆ ಕಾಗೆ ಅದರಲ್ಲಿ ಸಂಸಾರ ಹೂಡಿದ್ದು... ನನ್ನ ಇಡೀ ಖಜಾನೆ ಸುರಿದೆ. ಗೋಡೆಯಾದರೂ ನಕ್ಕೀತು, ಕಾಕು ನಗಲಿಲ್ಲ.

ಸರಕು ಮುಗಿದ ದಿನ ಆ ಡಾಕ್ಟರನ್ನೇ ಅನುಕರಿಸಿದೆ. ಹೊಟ್ಟೆ ಮುಂದೆ ಮಾಡಿ, "ಆರಾಮ್ ನೈ? ತೋ ಆರಾಮ್ ಕರೋ!"

ಕಾಕು ಮೆಲ್ಲಗೆ ತಿರುಗಿದಳು. "ಏನಂದಿ? ಇನ್ನೊಮ್ಮೆ ಅನ್ನು."

ಅಂದೆ. ಕಾಕು ಎದ್ದು ಕೂತಳು. "ಅಯ್ಯ ನಿನ್ನ! ನಾ ಹುಷಾರಿಲ್ಲ ಅಂದ್ರ ಅಂವ ವಿಶ್ರಾಂತಿ ಇಲ್ಲ ಅಂತ ತಿಳಕೊಂಡಾನಲ್ಲೋ! ಮಲಗಿ ಮಲಗಿ ಸಾಯಾಕತ್ತಾಕಿಗೆ ಮತ್ತ ಮಲಗು ಅಂದಾನ!" ನಕ್ಕಳು. ನಗುನಗುತ್ತಲೇ ಅಳತೊಡಗಿದಳು.

ಅವತ್ತೇ ಕಾಕಾಗೆ ಹೇಳಿದಳು, "ಮನಸಿನ ಡಾಕ್ಟರ್ ಇರ್ತಾರಂತಲ್ರಿ, ಅಲ್ಲಿ ಕರಕೊಂಡು ಹೋಗ್ರಿ."

"ಹುಚ್ಚರ ಡಾಕ್ಟರೇನ? ಮಂದಿ ಏನಂದಾರು?"

"ಮಂದಿ ಬಂದು ಈ ಹಾಸಿಗಿ ಮ್ಯಾಗ ಮಲಗ್ತಾರೇನ್ರಿ?"

ಹೋದರು. ಗುಳಿಗೆ ಶುರುವಾಯಿತು. ದಿನಾ ಹೊರಗೆ ನಡೆಯಬೇಕು, ಕೈಗೆ ಕೆಲಸ ಬೇಕು ಅಂದರಂತೆ ಹೊಸ ಡಾಕ್ಟರು. ಒಂದು ದಿನ ಗೇಟಿನವರೆಗೆ, ಮರುದಿನ ಮತ್ತೆ ಹಾಸಿಗೆಗೆ, ಹೀಗೆ ಏಳುತ್ತಾ ಬೀಳುತ್ತಾ ಕಾಕು ಒಂದು ದಿನ ಊರಿನ ಆ ತುದಿಯ ತಾರ್ನಾಕದ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ನಾನಂತೂ ಅರ್ಧ ಡಾಕ್ಟರೇ ಆದೆನೆಂದು ಕಾಲೊನಿ ತುಂಬ ಎದೆಯುಬ್ಬಿಸಿ ತಿರುಗಿದೆ.

ಒಂದು ಸಂಜೆ ಬಂದರೆ ಎದುರು ಬಾಗಿಲಿಗೆ ಬೀಗ. ಅವ್ವ ಅಂದಳು, "ತಾರ್ನಾಕಕ್ಕ ಮನಿ ಮಾಡ್ಯಾರ. ಇಡೀ ಬಿಲ್ಡಿಂಗಿಗೆ ಹೇಳಿ ಹೋದ್ರು. ನಿನಗ ಹೇಳಲಿಲ್ಲೇನು?"

ನನಗೊಬ್ಬನಿಗೇ ಹೇಳಿರಲಿಲ್ಲ. ಮರೆತಿರಬೇಕು ಅಂದುಕೊಂಡು ಭಾನುವಾರ ಎರಡು ಬಸ್ಸು ಬದಲಿಸಿ ಹೋದೆ. ಕಾಗೆ ಕಥೆಯ ಎರಡನೇ ಭಾಗವನ್ನೂ ದಾರಿಯಲ್ಲಿ ಕಟ್ಟಿಟ್ಟುಕೊಂಡಿದ್ದೆ. ಬಾಗಿಲು ತೆರೆದ ಕಾಕು ಒಳಗೆ ತಿರುಗಿ ಯಾರೊಂದಿಗೋ ನಗುತ್ತಿದ್ದಳು. ನನ್ನನ್ನು ನೋಡಿದ್ದೇ ಆ ನಗು ನಿಂತಿತು. ಹೊಸ್ತಿಲು ದಾಟಿ ಬಂದು ಬಾಗಿಲು ಎಳೆದುಕೊಂಡಳು.

"ಸಿಟ್ಟಾಗಬ್ಯಾಡಪಾ. ನಿನ್ನ ಮಾರಿ ನೋಡಿದ್ರ ನನಗ ಆ ಹಾಸಿಗಿನೇ ನೆನಪಾಕ್ಕೈತಿ. ಇನ್ನ ಬರಬ್ಯಾಡ."

ತಲೆ ಸವರಿದಳು. ಅದೇ ಇನ್ನೂ ಹೆಚ್ಚು ಉರಿಯಿತು. ವಾಪಸು ಬಸ್ಸಿನಲ್ಲಿ ಎಷ್ಟು ಅತ್ತೆನೆಂದರೆ... ಇಲ್ಲ, ಇದಕ್ಕೆ ಸೇರ್ಪಡೆ ಬೇಕಿಲ್ಲ. ಅತ್ತೆ.

ಈಗ ನಾನು ಇಂಟರ್, ಅಂದರೆ ನಿಮ್ಮ ಕಡೆಯ ಪಿಯುಸಿ, ಓದುತ್ತಿದ್ದೇನೆ. ಕಾಕು ಆ ಹಾಸ್ಟೆಲಿಗೆ ಈಗ ವಾರ್ಡನ್ ಅಂತೆ, ಹುಡುಗಿಯರು ಆಕೆಯನ್ನು ಬಿಟ್ಟಿರುವುದಿಲ್ಲವಂತೆ. ಒಳ್ಳೆಯದಾಯಿತು ಅನ್ನುತ್ತೇನೆ, ಹಲ್ಲು ಕಚ್ಚಿಕೊಂಡು. ಎದುರು ಮನೆಗೆ ಬಂದ ತೆಲುಗಿನವರು ನಾನು ಬಾಯಿ ತೆರೆಯುವ ಮೊದಲೇ ನಗುತ್ತಾರೆ. ಆರಾಮಾಗಿರುವವರನ್ನು ನಗಿಸುವುದು ಏನು ದೊಡ್ಡ ಕೆಲಸ...