ಕಿವಿ ಮೇಸ್ತ್ರಿಯೂ ನೆಲಕ್ಕೆ ಬೀಳದ ನೀರೂ

ನಮ್ಮ ಬೀದಿಯಲ್ಲಿ ಡಾಕ್ಟರಿಗೆ ಬೋರ್ಡು ಬೇಕು, ವಕೀಲರಿಗೆ ಬೋರ್ಡು ಬೇಕು. ಕಿವಿ ಮೇಸ್ತ್ರಿಗೆ ಬೇಕಿಲ್ಲ. ಅವನ ಶೆಡ್ಡಿನ ತಗಡಿನ ಬಾಗಿಲಿಗೆ ಮೊಳದುದ್ದದ ಸ್ಕ್ರೂಡ್ರೈವರೊಂದು ನೇತಾಡುತ್ತದೆ, ಅದೇ ಬೋರ್ಡು. ಅದರ ತುದಿಯನ್ನು ಓಡುವ ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದನೆಂದರೆ ಸುತ್ತ ನಿಂತವರು ಉಸಿರು ಬಿಗಿಹಿಡಿಯಬೇಕು. ಕೆಮ್ಮಿದವನಿಗೆ ಬೈಗುಳ ಖಾತ್ರಿ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, "ಎರಡನೇ ಸಿಲಿಂಡರ್ ನರಳ್ತಿದೆ" ಎನ್ನುತ್ತಾನೆ. ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಎರಡನೆಯದೇ ಆಗಿರುತ್ತದೆ. ಆಗಿಲ್ಲದಿದ್ದರೆ ಎಂಜಿನ್ ಸುಳ್ಳು ಹೇಳಿತೆಂದು ಅರ್ಥ, ಕಿವಿಯದೇನೂ ತಪ್ಪಿಲ್ಲ.

ಅವನ ಶೆಡ್ಡಿನ ಎದುರಿಗೆ ನನ್ನ ಹೊಲಿಗೆ ಅಂಗಡಿ. ನಾನೂ ಯಾವ ಗುರುವಿನ ಕಾಲು ಹಿಡಿದವನಲ್ಲ, ಹಳೇ ಕೋಟುಗಳನ್ನು ಬಿಚ್ಚಿ ಬಿಚ್ಚಿಯೇ ಕತ್ತರಿ ಹಿಡಿಯಲು ಕಲಿತವನು. ಹಾಗಾಗಿ ಸ್ವಂತ ಬುದ್ಧಿಯಿಂದ ಮೇಲೆ ಬಂದವನ ಜಂಬ ಎಷ್ಟು ಗಜದ್ದೆಂದು ಟೇಪಿಲ್ಲದೆ ಹೇಳಬಲ್ಲೆ. ಮೇಸ್ತ್ರಿಯದು ಮೈಗಿಂತ ಎರಡು ಬೆರಳು ಸಡಿಲವಾಗಿಯೇ ಇತ್ತು.

ಈ ಮೇಸ್ತ್ರಿಯನ್ನು ಸಾಕಿ ಬೆಳೆಸಿದವಳು ಅವನ ಅಕ್ಕ. ತಾಯಿ ಕಣ್ಣು ಮುಚ್ಚಿದಾಗ ಇವನಿಗೆ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅಕ್ಕ ಅವರಿವರ ಮನೆಯ ಪಾತ್ರೆ ತಿಕ್ಕಿ, ಆಮೇಲೆ ಬೇಕರಿಯಲ್ಲಿ ಹಿಟ್ಟು ನಾದಿ, ಕೊನೆಗೆ ಅದೇ ಬೇಕರಿಯ ಬ್ರೆಡ್ಡು ಬನ್ನುಗಳನ್ನು ಅಂಗಡಿ ಅಂಗಡಿಗೆ ಹಾಕುವ ಲೈನು ಹಿಡಿದಳು. ವ್ಯಾನು ಅವಳದೇ. ಅದಕ್ಕೆ ಅವಳ ಮಗಳಿಗಿಂತ ಹೆಚ್ಚು ವಯಸ್ಸು. ಮಗಳು ಮದುವೆಯಾಗಿ ಹೋದಳು, ವ್ಯಾನು ಮನೆಯಲ್ಲೇ ಉಳಿಯಿತು.

ಹೋದ ವರ್ಷ ಆ ವ್ಯಾನಿನ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಎಂಜಿನ್ನಿನ ತಲೆಗೂ ಮೈಗೂ ನಡುವೆ ಕೂರುವ ತೆಳು ಹಾಳೆ ಅದು; ಒಳಗಿನ ಬೆಂಕಿಗೂ ನೀರಿಗೂ ಜಗಳವಾಗದಂತೆ ಬೇರೆ ಬೇರೆ ಇಡುವುದು ಅದರ ಕೆಲಸ. ಮೇಸ್ತ್ರಿ ಹೊಸದು ಹಾಕಿದ. ಮೇಲಿನ ಬೀದಿಯ ಹೊಸ ಗ್ಯಾರೇಜಿನವನು ಬೋಲ್ಟಿನ ಬಿಗಿ ಅಳೆಯುವ ಮುಳ್ಳಿನ ಸ್ಪ್ಯಾನರ್ ಇಟ್ಟುಕೊಂಡಿದ್ದಾನೆಂದು ಕೇಳಿ ಇವನು ನಕ್ಕಿದ್ದೇ ನಕ್ಕಿದ್ದು. "ತಾಯಿ ಮಗು ಎತ್ತಿಕೊಳ್ಳೋವಾಗ ಪಕ್ಕದಲ್ಲಿ ತಕ್ಕಡಿ ಇಟ್ಕೊಳ್ತಾಳಾ? ನನ್ನ ಕೈಯೇ ತೂಕ, ನನ್ನ ಕೈಯೇ ಅಳತೆ!" ಎಂದು ಬರಿಗೈ ಅಂದಾಜಿನಲ್ಲೇ ಬೋಲ್ಟುಗಳನ್ನು ಬಿಗಿದಿದ್ದ. "ನನ್ನ ಜೀವಮಾನದ ಕೆಲಸ ಅಕ್ಕಾ ಇದು. ವ್ಯಾನು ಗುಜರಿಗೆ ಹೋದ್ರೂ ಗ್ಯಾಸ್ಕೆಟ್ ಉಳಿಯುತ್ತೆ" ಎಂದೂ ಹೇಳಿದ್ದ.

ಈ ವರ್ಷ ಚಳಿ ಶುರುವಾಗುತ್ತಿದ್ದಂತೆ ವ್ಯಾನು ಬೆಳಗ್ಗೆ ಎದ್ದ ಕೂಡಲೇ ಮಿಸ್ಸಿಂಗ್ ಹೊಡೆಯತೊಡಗಿತು. ನಾಲ್ಕು ಕಾಲಿನ ಕತ್ತೆ ಮೂರೇ ಕಾಲಲ್ಲಿ ಕುಂಟಿದ ಹಾಗೆ. ಹಿಂದಿನಿಂದ ಬಿಳಿ ಹೊಗೆ. ಸ್ವಲ್ಪ ದೂರ ಹೋದ ಮೇಲೆ ಏನೂ ಆಗದವರ ಹಾಗೆ ನೆಟ್ಟಗೆ ಓಡುವುದು. ಜೊತೆಗೆ ರೇಡಿಯೇಟರಿನ ನೀರು ದಿನಾ ಇಳಿಯುತ್ತಿತ್ತು.

ಅಕ್ಕ ಲೈನು ಮುಗಿಸಿ ಮಧ್ಯಾಹ್ನ ವ್ಯಾನು ತಂದು ನಿಲ್ಲಿಸುವಳು. ಮೇಸ್ತ್ರಿ ಸ್ಕ್ರೂಡ್ರೈವರ್ ಊರಿ ಕಣ್ಣು ಮುಚ್ಚುವನು. ಎಂಜಿನ್ ಬಿಸಿಯಾಗಿ ಜೋಗುಳ ಹಾಡುತ್ತಿರುತ್ತಿತ್ತು.

"ಏನೂ ಇಲ್ವಲ್ಲ ಅಕ್ಕಾ!"

"ಬೆಳಗ್ಗೆ ಬಾರೋ ಅಂದ್ರೆ ನೀನು ಬರಲ್ಲ. ಜ್ವರ ಬಿಟ್ಟ ಮೇಲೆ ನಾಡಿ ಹಿಡಿದ್ರೆ ಏನ್ ಗೊತ್ತಾಗುತ್ತೆ?"

"ತಣ್ಣಗಿರೋ ಎಂಜಿನ್ ಮಾತಾಡಲ್ಲ. ಬಿಸಿ ಆದ್ಮೇಲೇ ಅದು ಮನಸ್ಸು ಬಿಚ್ಚೋದು."

"ನಿನಗೆ ಹೊದಿಕೆ ಬಿಚ್ಚೋಕೆ ಮನಸ್ಸಿಲ್ಲ ಅನ್ನು."

ಆದರೂ ತಮ್ಮ ಸುಮ್ಮನೆ ಕೂರಲಿಲ್ಲ. ಪ್ಲಗ್ಗಿನ ವೈರು ಬದಲಾಯಿಸಿ "ಇನ್ನು ಚಿಂತೆ ಬಿಡು" ಎಂದ. ಆಮೇಲೆ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್. ಆಮೇಲೆ ರೇಡಿಯೇಟರಿನ ಮುಚ್ಚಳ, ಹೋಸು. ನೀರಿನ ಪಂಪೂ ಹೊಸದಾಯಿತು. ವ್ಯಾನಿನ ಒಳಗೆ ಹಳೆಯದಾಗಿ ಉಳಿದದ್ದು ಅಕ್ಕನ ತಾಳ್ಮೆಯೊಂದೇ. ಕೊನೆಗೆ ಬದಲಾಯಿಸಲು ಏನೂ ಸಿಗದೆ ಅಕ್ಕನನ್ನೇ ಹಿಡಿದ.

"ನೀನು ಮುಚ್ಚಳ ಸರಿಯಾಗಿ ತಿರುಗಿಸಲ್ಲ. ದಾರಿಯಲ್ಲೆಲ್ಲ ಚೆಲ್ಲುತ್ತೆ."

"ಕುಣಿಯಲಾರದವಳಿಗೆ ನೆಲ ಡೊಂಕು. ನಿನಗೆ ಅಕ್ಕನೇ ಡೊಂಕಾದ್ಳಾ?" ಎಂದು ಅವಳು ಹೋದಳು. ಅಂದಿನಿಂದ ಬೇಕರಿಯ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ರಾತ್ರಿ ವ್ಯಾನಿನ ಅಡಿ ಹಾಸತೊಡಗಿದಳು. ಬೆಳಗ್ಗೆ ನೋಡಿದರೆ ರಟ್ಟು ಗರಿಗರಿ ಒಣಗಿತ್ತು, ರೇಡಿಯೇಟರಿನಲ್ಲಿ ನೀರು ಮಾತ್ರ ಇಳಿದಿತ್ತು. ಆ ರಟ್ಟನ್ನು ನನ್ನ ಅಂಗಡಿಗೂ ತಂದು ತೋರಿಸಿದಳು. "ನೋಡಿ ಅಣ್ಣ, ನೆಲಕ್ಕೆ ಬಿದ್ದಿಲ್ಲ. ಹಾಗಾದ್ರೆ ಕುಡಿದವರು ಯಾರು?" ನನಗೆ ಬಟ್ಟೆಯ ಒಳಪದರದ ವಿಷಯ ಗೊತ್ತು, ಹೊರಗೆ ಕಲೆ ಕಾಣದಿದ್ದರೆ ಒಳಗೇ ಇಂಗಿರುತ್ತದೆ. ಹಾಗೆಂದೆ. ಅವಳು ಹೂಂ ಎಂದಳು.

ಮೇಸ್ತ್ರಿಗೆ ಇದು ಹೊಳೆಯಲಿಲ್ಲವೇ? ಬೇರೆಯವರ ಗಾಡಿಯಾಗಿದ್ದರೆ ನಿದ್ದೆಗಣ್ಣಲ್ಲೇ "ಗ್ಯಾಸ್ಕೆಟ್" ಅನ್ನುತ್ತಿದ್ದ. ಆದರೆ ಇದು ಅವನೇ ಹಾಕಿದ್ದು. ಹೆತ್ತವರಿಗೆ ಹೆಗ್ಗಣ ಮುದ್ದು. ಊರಿನ ಎಂಜಿನ್ನುಗಳ ಗುಟ್ಟು ಕೇಳುವ ಕಿವಿಗೆ ಮನೆಯ ಎಂಜಿನ್ನಿನ ಕೂಗು ಕೇಳದಾಗಿತ್ತು.

ಒಂದು ಶನಿವಾರ ಬೇಕರಿ ಯಜಮಾನ ಕೌಂಟರಿನ ಹಿಂದಿನಿಂದಲೇ ಹೇಳಿದ: "ನೋಡಮ್ಮ, ನಿನ್ನ ಲೈನಿನ ಟೀ ಅಂಗಡಿಗಳಿಗೆ ಬನ್ನು ಹೋಗೋ ಹೊತ್ತಿಗೆ ಗಿರಾಕಿಗಳು ಬಾಯಿ ಒರೆಸಿಕೊಂಡು ಹೋಗಿರ್ತಾರೆ. ನಾಳೆ ಹೇಗೂ ರಜಾ. ಸೋಮವಾರವೂ ತಡ ಆಯ್ತೋ, ಲೈನು ಬೇರೆಯವರಿಗೆ. ಬೇಜಾರು ಮಾಡ್ಕೋಬೇಡ."

ಅಕ್ಕನಿಗೆ ಆ ಲೈನೆಂದರೆ ಅನ್ನದ ಮಾತಷ್ಟೇ ಅಲ್ಲ. ಪಾತ್ರೆ ತಿಕ್ಕುತ್ತಿದ್ದವಳನ್ನು ಅಂಗಡಿಯವರೆಲ್ಲ ಎದ್ದು "ಬಂದ್ರಾ ಅಕ್ಕಾ" ಎಂದು ಮಾತಾಡಿಸುವಂತೆ ಮಾಡಿದ್ದು ಅದು. ಅವಳು ನೇರ ಶೆಡ್ಡಿಗೆ ಬಂದಳು, ವ್ಯಾನು ನಿಲ್ಲಿಸಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ರಾತ್ರಿ ಇಲ್ಲೇ ಇರಲಿ. ಬೆಳಗ್ಗೆ ನಾನೇ ಸ್ಟಾರ್ಟ್ ಮಾಡ್ತೀನಿ, ನೀನು ಎದ್ದಿರಬೇಕು. ಎದ್ದಿರದಿದ್ರೆ ರೇಡಿಯೇಟರಿಗೆ ತಂದ ನೀರು ನಿನ್ನ ಮುಖಕ್ಕೆ."

ಭಾನುವಾರ ಮೇಸ್ತ್ರಿ ಕಿವಿಗೆ ಮಫ್ಲರ್ ಸುತ್ತಿಕೊಂಡೇ ಬಂದ. ವ್ಯಾನು ಕುಂಟಿತು, ಕೆಮ್ಮಿತು, ಬೀದಿಯ ತುಂಬ ಬಿಳಿ ಹೊಗೆ ಬಿಟ್ಟಿತು. ನನ್ನ ಅಂಗಡಿ ಬಾಗಿಲಿಗೂ ಅದರ ಘಾಟು ಬಂತು. ಮೇಸ್ತ್ರಿ ಸ್ಕ್ರೂಡ್ರೈವರಿಗೆ ಕೈ ಚಾಚಿದ.

"ಅದನ್ನ ಅಲ್ಲೇ ಬಿಡು. ಪ್ಲಗ್ ಬಿಚ್ಚು" ಎಂದಳು ಅಕ್ಕ.

ಬಿಚ್ಚಿ ನಾಲ್ಕನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟ. ಮೂರರ ಮೂತಿ ಕಂದುಗಟ್ಟಿ ಮಸಿಯಾಗಿತ್ತು. ನಾಲ್ಕನೆಯದು ಅಂಗಡಿಯಿಂದ ಈಗಷ್ಟೇ ತಂದಂತೆ ಫಳಫಳ. ಮೇಸ್ತ್ರಿಯ ಮುಖ ಅರಳಿತು. ಅದನ್ನೇ ಎತ್ತಿ ಹಿಡಿದು, "ನೋಡಕ್ಕಾ, ಇದು ಕೆಲಸ ಅಂದ್ರೆ! ಎಷ್ಟು ಶುದ್ಧವಾಗಿ ಉರೀತಿದೆ! ತೊಂದರೆ ಆ ಮೂರರಲ್ಲೇ ಇರೋದು" ಎಂದ.

ಅಕ್ಕ ಪ್ಲಗ್ಗುಗಳನ್ನು ನೋಡಿದಳು, ತಮ್ಮನನ್ನು ನೋಡಿದಳು.

"ಲೋ, ನಾಲ್ಕು ಮಕ್ಕಳು ಒಂದೇ ಮಣ್ಣಲ್ಲಿ ಆಡಿ ಬಂದಿವೆ. ಮೂರರ ಮೈ ಕೊಳೆ, ಒಂದು ಮಾತ್ರ ಸ್ನಾನ ಮಾಡಿ ಬಂದಿದೆ. ಅದಕ್ಕೆ ನೀರೆಲ್ಲಿ ಸಿಕ್ತೋ?"

ಮೇಸ್ತ್ರಿಯ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಮಫ್ಲರ್ ಬಿಚ್ಚಿ ಮೊಳೆಗೆ ಹಾಕಿ, ಹೆಡ್ಡಿನ ಬೋಲ್ಟುಗಳಿಗೆ ಸ್ಪ್ಯಾನರ್ ಹಚ್ಚಿದ.

ಎಂಜಿನ್ನಿನ ತಲೆ ಎತ್ತಿ ನೋಡಿದಾಗ ನಾಲ್ಕನೆಯ ಸಿಲಿಂಡರಿನ ಅಂಚಿನಲ್ಲಿ ಗ್ಯಾಸ್ಕೆಟ್ ಕೊರೆದುಹೋಗಿತ್ತು. ರಾತ್ರಿಯಿಡೀ ನೀರು ಅಲ್ಲಿಂದ ಒಳಗಿಳಿದು, ಬೆಳಗ್ಗೆ ಹಬೆಯಾಗಿ ಪ್ಲಗ್ಗನ್ನು ತೊಳೆದು ಹೊಗೆಯಾಗಿ ಹೋಗುತ್ತಿತ್ತು. ಈ ವ್ಯಾನಿನ ಎಂಜಿನ್ ಇರುವುದು ಸೀಟಿನ ಅಡಿ; ಆ ಮೂಲೆಯ ಬೋಲ್ಟು ಸೀಟಿನ ಚೌಕಟ್ಟಿನ ಸಂದಿಯಲ್ಲಿದೆ. ಅಲ್ಲಿ ಕೈ ಪೂರಾ ಎಟುಕುವುದಿಲ್ಲ. ಬಿಗಿಯಾಯಿತೆಂದು ಅಂದಾಜು ಹೇಳಿತ್ತು, ಬೋಲ್ಟು ಹಾಗೆ ಹೇಳಿರಲಿಲ್ಲ.

ಹೊಸ ಗ್ಯಾಸ್ಕೆಟ್ ಗೋಡೆಗೇ ನೇತಾಡುತ್ತಿತ್ತು. ಸ್ಟೀಲ್ ಸ್ಕೇಲಿಟ್ಟು ಹೆಡ್ಡಿನ ಮುಖ ಮಟ್ಟವಾಗಿದೆಯೆಂದು ಖಾತ್ರಿ ಮಾಡಿಕೊಂಡ. ಆಮೇಲೆ ರಸ್ತೆ ದಾಟಿ ನನ್ನ ಅಂಗಡಿಗೆ ಬಂದು, ಹೊಲಿಯಲು ಕೊಟ್ಟೇ ಇರದ ಪ್ಯಾಂಟಿನ ಬಗ್ಗೆ ವಿಚಾರಿಸಿದ.

"ಮೇಲಿನ ಬೀದಿಯ ಸ್ಪ್ಯಾನರ್ ಬೇಕಾ?" ಎಂದೆ.

"ನನಗಲ್ಲ ಅಣ್ಣಾ. ಅಕ್ಕನ ಸಮಾಧಾನಕ್ಕೆ."

ನಾನೇ ಹೋದೆ. ಹೊಲಿಗೆ ಮೆಷಿನ್ನಿಗೆ ಬೇಕೆಂದೆ. ಹೊಸ ಗ್ಯಾರೇಜಿನವನು ಅದನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಕೊಡುತ್ತ, "ಹೊಲಿಗೆ ಮೆಷಿನ್ನಿಗೆ ಇಷ್ಟು ಬಿಗಿನಾ! ಇರಲಿ, ಮೇಸ್ತ್ರಿಗೆ ನಮಸ್ಕಾರ ಹೇಳಿ. ಮೂಲೆ ಬೋಲ್ಟಿಗೆ ಸ್ಪ್ಯಾನರ್ ಎಟುಕೋ ಹಾಗೆ ಉದ್ದದ ಕಂಬಿ ಸಿಕ್ಕಿಸೋಕೆ ಹೇಳಿ" ಎಂದು ಆ ಕಂಬಿಯನ್ನೂ ಕೊಟ್ಟ. ಎರಡನ್ನೂ ಸೂಟಿನ ಬಟ್ಟೆಯಲ್ಲಿ ಸುತ್ತಿ ತಂದೆ. ಮೇಸ್ತ್ರಿ ಶೆಡ್ಡಿನ ಬಾಗಿಲು ಅರ್ಧ ಎಳೆದುಕೊಂಡು, ಮುಳ್ಳು ನೋಡಿ ನೋಡಿ ಬಿಗಿದ. ಸಂಜೆಯ ಹೊತ್ತಿಗೆ ಎಂಜಿನ್ ಕೂಡಿತು, ನೀರು ತುಂಬಿತು, ಓಡಿತು. ಅವನು ಸ್ಕ್ರೂಡ್ರೈವರ್ ಊರಿ ಕಣ್ಣು ಮುಚ್ಚಿ "ಸರಿ ಇದೆ" ಎಂದ. ಅಕ್ಕ ನಂಬಲಿಲ್ಲ. ಅಡಿಗೆ ರಟ್ಟು ಹಾಸಿ ಮನೆಗೆ ಹೋದಳು.

ಸೋಮವಾರ ಬೆಳಗ್ಗೆ ಅವಳು ಮುಚ್ಚಳ ತೆಗೆದಾಗ ನೀರು ಕಂಠಮಟ್ಟ ಇತ್ತು. ಕೀಲಿ ತಿರುಗಿಸಿದಳು. ನಾಲ್ಕೂ ಕಾಲು ಊರಿ ಎದ್ದಿತು ಕತ್ತೆ. ಹಾರನ್ ಒಂದು ಸಲ ಒತ್ತಿ ಹೊರಟಳು. ಮೇಸ್ತ್ರಿ ಆ ಸದ್ದು ಮಾಯವಾಗುವವರೆಗೂ ಬೀದಿಯಲ್ಲೇ ನಿಂತಿದ್ದ, ಬರಿಗಿವಿಯಲ್ಲಿ.

ಮಧ್ಯಾಹ್ನ ಯಜಮಾನ ಅಂದನಂತೆ: "ಇವತ್ತು ಬನ್ನು ಎಷ್ಟು ಬಿಸಿ ಇತ್ತಂದ್ರೆ ಟೀ ಅಂಗಡಿಯವನು ಬಾಯಿ ಸುಟ್ಟುಕೊಂಡ್ನಂತೆ ಕಣಮ್ಮ."

"ತಣ್ಣಗಿದ್ರೆ ನನ್ನ ತಪ್ಪು, ಬಿಸಿ ಇದ್ರೂ ನನ್ನ ತಪ್ಪಾ ಯಜಮಾನ್ರೇ?" ಎಂದು ಅವಳು ಖಾಲಿ ಟ್ರೇ ಇಳಿಸಿ, ನಾಳೆಯ ಲೆಕ್ಕ ಕೇಳಿಕೊಂಡು ಬಂದಳು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಈಗ ಗಿರಾಕಿಗಳ ಮುಂದೆ ಮೇಸ್ತ್ರಿ ಆ ಕಥೆಯನ್ನು ತನ್ನ ಕಿವಿಯ ಮಹಿಮೆ ಎಂದೇ ಹೇಳುತ್ತಾನೆ: "ಒಳಗೆ ಹನಿ ತೊಟ್ಟಿಕ್ಕೋದು ಕೇಳಿಸ್ತು ನನಗೆ!" ಅಕ್ಕ ಎದುರಿಗಿದ್ದರೂ ತಿದ್ದುವುದಿಲ್ಲ, ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾಳೆ. ಆದರೆ ನೀರು ಕುಡಿಯುವ ಗಾಡಿ ಬಂದರೆ ಅವನು ಈಗ ರಾತ್ರಿ ಬಿಟ್ಟುಹೋಗಲು ಹೇಳುತ್ತಾನೆ, ಬೆಳಗ್ಗೆ ಬೇಗ ಎದ್ದು ಮೊದಲು ಪ್ಲಗ್ಗು ಬಿಚ್ಚುತ್ತಾನೆ. ಸ್ಕ್ರೂಡ್ರೈವರ್ ಆಮೇಲೆ, ಗಿರಾಕಿ ಬಂದ ಮೇಲೆ.

ಅಕ್ಕ ಇವತ್ತಿಗೂ ಹೊರಡುವ ಮುನ್ನ ಮುಚ್ಚಳ ತೆಗೆದು ನೋಡುತ್ತಾಳೆ. ಮೊನ್ನೆ ಅದನ್ನು ಕಂಡು ಮೇಸ್ತ್ರಿ ಮುಖ ಊದಿಸಿದ. "ಇನ್ನೂ ನನ್ನ ಮೇಲೆ ನಂಬಿಕೆ ಬಂದಿಲ್ವಾ ಅಕ್ಕಾ?"

"ನಿನ್ನ ಮೇಲೆ ಇದೆಯಪ್ಪ" ಎಂದಳು ಅವಳು, ಮುಚ್ಚಳ ತಿರುಗಿಸುತ್ತ. "ನೀರಿನ ಮೇಲೆ ಇಲ್ಲ."